ಭಟ್ಟಿ ಆರಿಸಿದ ವರ್ಷ

ಹಲವು ವರ್ಷ ನಮ್ಮ ಮನೆಯ ಕಾಲಿಂಗ್ ಬೆಲ್ ಇದ್ದದ್ದು ಹಾಲಿನವನಿಗೆ, ಪೇಪರಿನವನಿಗೆ, ಗಣಪತಿಯ ಚಂದಾ ಕೇಳಲು ಬರುವವರಿಗೆ. ಇವರಿಗೆ ಅದು ಬೇಕಾಗಿರಲಿಲ್ಲ. ಇವರು ಎಂದರೆ ನನ್ನ ಯಜಮಾನರು. ಮುಂಬೈ ಹತ್ತಿರದ ಕಲ್ಯಾಣ ಸ್ಟೇಷನ್ನಿನಿಂದ ನಡೆದೇ ಹೋಗುವಷ್ಟು ದೂರದಲ್ಲಿ ಒಂದು ಹಳೆಯ ಕಟ್ಟಡ. ಕೆಳಗೆ ನಮ್ಮ ಹೋಟೆಲು, ಮೂರನೆಯ ಮಾಳಿಗೆಯಲ್ಲಿ ನಮ್ಮ ಮನೆ. ಲಿಫ್ಟ್ ಇಲ್ಲ. ಮಧ್ಯಾಹ್ನ ಊಟಕ್ಕೆಂದು ಇವರು ಮೇಲೆ ಹತ್ತುವಾಗ ಮೊದಲನೆಯ ತಿರುವಿನಲ್ಲೇ ಕೆಮ್ಮು ಶುರುವಾಗುತ್ತಿತ್ತು. ಎರಡನೆಯ ಮಾಳಿಗೆಯಲ್ಲಿ ಗೋಡೆಗೆ ಕೈಕೊಟ್ಟು ನಿಂತು ಇನ್ನೊಂದು ಸುತ್ತು ಕೆಮ್ಮುತ್ತಿದ್ದರು. ಅಷ್ಟರಲ್ಲಿ ನಾನು ಬಾಗಿಲು ತೆಗೆದು, ಬಿಸಿನೀರಿನ ಲೋಟ ಹಿಡಿದು ನಿಂತಿರುತ್ತಿದ್ದೆ.

ಇದರಲ್ಲಿ ಏನೋ ವಿಶೇಷ ಇದೆಯೆಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ. ಹೋಟೆಲಿನವರ ಎದೆ ಇರುವುದೇ ಹಾಗೆ ಎಂದುಕೊಂಡಿದ್ದೆವು. ಮಾವನವರೂ ಕೆಮ್ಮುತ್ತಿದ್ದರು, ಡೊಂಬಿವಲಿಯಲ್ಲಿ ಹೋಟೆಲು ಇಟ್ಟಿದ್ದ ಇವರ ದೊಡ್ಡಪ್ಪನೂ ಕೆಮ್ಮುತ್ತಿದ್ದರು. ಉಡುಪಿ ಕಡೆಯಿಂದ ಬಂದು ಒಲೆಯ ಮುಂದೆ ನಿಂತವರ ಮನೆಗಳಲ್ಲಿ ಕೆಮ್ಮು ಎಂಬುದು ಮೂಗು, ಕಿವಿಯ ಹಾಗೆ ಅಪ್ಪನಿಂದ ಮಗನಿಗೆ ಬರುವ ಒಂದು ಲಕ್ಷಣವಾಗಿತ್ತು. ಎಂಥ ಬೆಪ್ಪುತನ ಎಂದು ಈಗ ಅನ್ನಿಸುತ್ತದೆ.

ಎಲ್ಲದಕ್ಕೂ ಮೂಲ ನಮ್ಮ ಹೋಟೆಲಿನ ಅಡುಗೆಮನೆಯ ಡೀಸೆಲ್ ಭಟ್ಟಿ. ನೋಡದವರಿಗೆ ಹೇಳುತ್ತೇನೆ. ಇಟ್ಟಿಗೆಯಲ್ಲಿ ಕಟ್ಟಿದ ದೊಡ್ಡ ಒಲೆ ಅದು. ಒಂದು ಸಪೂರ ಪೈಪಿನಿಂದ ಡೀಸೆಲ್ ತೊಟ್ಟಿಕ್ಕುತ್ತದೆ, ಹಿಂದಿನಿಂದ ಬ್ಲೋವರ್ ಗಾಳಿ ಊದುತ್ತದೆ, ಬೆಂಕಿ ಭುಗಿಲೆಂದು ಏಳುತ್ತದೆ. ಅದರ ಸದ್ದಿನಲ್ಲಿ ಪಕ್ಕದಲ್ಲಿ ನಿಂತವರ ಮಾತು ಕೇಳಿಸುವುದಿಲ್ಲ. ಕರೆಂಟು ಇರುವಷ್ಟು ಹೊತ್ತು ಹೇಗೋ ನಡೆಯುತ್ತಿತ್ತು. ಆದರೆ ಎರಡು ಸಾವಿರದ ನಂತರದ ಆ ವರ್ಷಗಳಲ್ಲಿ ಕಲ್ಯಾಣ, ಡೊಂಬಿವಲಿಯವರಿಗೆ ಲೋಡ್‌ಶೆಡ್ಡಿಂಗ್ ತಪ್ಪಿದ ದಿನವಿರಲಿಲ್ಲ. ಮುಂಬೈಯಲ್ಲಿ ದೀಪ ಉರಿಯುತ್ತಿರುವಾಗ ನಾವು ಗಂಟೆಗಟ್ಟಲೆ ಬೀಸಣಿಗೆ ಹಿಡಿದು ಕೂತಿರುತ್ತಿದ್ದೆವು. ಬ್ಲೋವರ್ ನಿಂತಿತೆಂದರೆ ಬೆಂಕಿಯೆಲ್ಲ ಹೊಗೆ. ಕಪ್ಪಗೆ, ಜಿಡ್ಡು ಜಿಡ್ಡಾದ ಹೊಗೆ. ಗಿರಾಕಿಗಳು ಕರವಸ್ತ್ರವನ್ನು ಮೂಗಿಗೆ ಹಿಡಿದು ಇಡ್ಲಿ ತಿನ್ನುತ್ತಿದ್ದರು. ಅಡುಗೆಯ ಭಟ್ಟರು ಹಿಂದಿನ ಗಲ್ಲಿಗೆ ಓಡುತ್ತಿದ್ದರು. ಇವರು ಮಾತ್ರ ಓಡದೆ, ಅಲ್ಲೇ ನಿಂತು ಕೈಯಲ್ಲಿ ಬ್ಲೋವರಿನ ಹಿಡಿ ತಿರುಗಿಸುತ್ತಿದ್ದರು.

ಒಮ್ಮೆ ಹೋಳಿ ಕಳೆದ ಮೇಲೆ ಕೆಮ್ಮು ವಿಪರೀತವಾಯಿತು. ಸ್ಟೇಷನ್ನಿನ ಮೇಲ್ಸೇತುವೆಯ ಅರ್ಧದಲ್ಲಿ ಇವರು ಕಂಬಿ ಹಿಡಿದು ಕೂತುಬಿಟ್ಟರಂತೆ. ಹೊತ್ತು ತಂದವರು ಯಾರೋ ಪುಣ್ಯಾತ್ಮರು. ಡಾಕ್ಟರು ಎದೆಯ ಫೋಟೋ ನೋಡಿ, "ದಿನಕ್ಕೆ ಎಷ್ಟು ಸಿಗರೇಟು?" ಎಂದು ಕೇಳಿದರು. ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ ಎಂದು ನಾನು ಹೇಳಿದ್ದನ್ನು ಅವರು ನಂಬಲಿಲ್ಲ. ಭಟ್ಟಿಯ ವಿಷಯ ಹೇಳಿದ ಮೇಲೆ ನಂಬಿದರು. ಒಂದು ವರ್ಷ ಹೊಗೆಯ ಹತ್ತಿರ ಸುಳಿಯಬಾರದು, ಆಮೇಲೆ ನೋಡೋಣ, ಇಲ್ಲದಿದ್ದರೆ ಹಾಸಿಗೆಯಿಂದ ಬಚ್ಚಲಿಗೆ ನಡೆಯುವುದಕ್ಕೂ ಆಕ್ಸಿಜನ್ ಸಿಲಿಂಡರ್ ಎಳೆದುಕೊಂಡು ಹೋಗಬೇಕಾದೀತು ಎಂದರು.

ಇವರು ಹೊರಗೆ ಬಂದವರೇ, "ಡಾಕ್ಟ್ರಿಗೆ ಎಂತ, ಹೇಳಿದ್ರಾಯ್ತು. ಭಟ್ಟಿ ಆರಿಸಿ ಹೋಟೆಲು ನಡೆಸುದು ಹೇಗೆ ಅಂತ ಕೂಡ ಹೇಳ್ಬೇಕಲ್ಲ" ಎಂದರು.

"ನಡೆಸ್ಬೇಡಿ ಹಾಗಾದ್ರೆ. ಮುಚ್ಚಿ" ಎಂದೆ.

ಮನೆಯಲ್ಲಿ ನಾವು ಆಡುವುದು ತುಳು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ ಅಷ್ಟೆ. ಜಗಳಕ್ಕೆ ಮಾತ್ರ ನಾನು ಕನ್ನಡಕ್ಕೆ ಇಳಿಯುತ್ತೇನೆ. ಶಾಲೆಯಲ್ಲಿ ಕಲಿತ ಭಾಷೆಯಲ್ಲವೇ, ವಾದಕ್ಕೆ ಬೇಕಾದ ಮಾತು ಅದರಲ್ಲಿ ಬೇಗ ಸಿಗುತ್ತದೆ. ನಾನು ಕನ್ನಡ ಶುರುಮಾಡಿದೆನೆಂದರೆ ಇವರು ಚಪ್ಪಲಿ ಹುಡುಕುತ್ತಾರೆ. ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಹೋಗುವುದಾದರೂ ಎಲ್ಲಿಗೆ? ರಿಕ್ಷಾದಲ್ಲಿ ಇಡೀ ದಾರಿ ಕೇಳಿಸಿಕೊಂಡರು.

ಆಗ ಬಂದವರು ಭಾವ. ನನ್ನ ಅಕ್ಕನ ಗಂಡ, ಮೈಸೂರಿನವರು, ಮನೆ ನವಿ ಮುಂಬೈಯ ಸಾನಪಾಡಾದಲ್ಲಿ. ಕಾರ್ಖಾನೆಗಳಿಗೆ ಹೋಗಿ ಎಲ್ಲಿ ಶಾಖ ಸೋರುತ್ತದೆ, ಎಲ್ಲಿ ಕರೆಂಟು ದಂಡವಾಗುತ್ತದೆ ಎಂದು ಹುಡುಕಿಕೊಡುವುದೇ ಅವರ ಕೆಲಸ. ಯಾರ ಮನೆಗೆ ಹೋದರೂ ಮೊದಲು ಫ್ರಿಜ್ಜಿನ ಬಾಗಿಲಿನ ರಬ್ಬರು ಒತ್ತಿ ನೋಡುವ ಮನುಷ್ಯ. ಅದಕ್ಕೇ ನೆಂಟರಲ್ಲಿ ಅರ್ಧ ಜನ ಅವರನ್ನು ಕರೆಯುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಒಂದು ಬೆಳಗ್ಗೆ ನಿಂತು, ಬೆವರು ಒರೆಸಿಕೊಂಡು, ತುಂಬ ಸಂತೋಷದಿಂದ ಹೇಳಿದರು:

"ನೋಡಮ್ಮ, ಈ ಭಟ್ಟಿ ಇದ್ಯಲ್ಲ, ಬೇಯ್ಸೋದು ಸ್ವಲ್ಪ, ಬಿಸಾಡೋದೇ ಜಾಸ್ತಿ. ನೀವು ಇಡ್ಲಿ ಬೇಯಿಸ್ತಿಲ್ಲ, ಇಡೀ ಕಲ್ಯಾಣನ ಬೇಯಿಸ್ತಿದೀರಿ."

ಇವರಿಗೆ ಆ ಮಾತು ಹಿಡಿಸಲಿಲ್ಲ. ಆದರೆ ಕೆಮ್ಮುತ್ತಾ ವಾದ ಮಾಡಲು ಆಗುವುದಿಲ್ಲವಲ್ಲ, ನಾವಿಬ್ಬರೂ ಗೆದ್ದೆವು.

ಆ ಬೇಸಿಗೆ ಪೂರ್ತಿ ಹೋಟೆಲಿನಲ್ಲಿ ಕೆಲಸ ನಡೆಯಿತು. ಗ್ಯಾಸಿನಲ್ಲಿ ನಡೆಯುವ ಬಾಯ್ಲರ್ ಬಂತು. ಅದರ ಹಬೆಯಲ್ಲೇ ಇಡ್ಲಿ, ಸಾಂಬಾರು, ಅನ್ನ ಎಲ್ಲ ಆಗಬೇಕು. ಬಾಯ್ಲರಿಗೆ ಹೋಗುವ ನೀರು ಮೊದಲೇ ಬಿಸಿಯಾಗಿರಲೆಂದು ತಾರಸಿಯ ಮೇಲೆ ಸೋಲಾರ್ ಬಂತು. ಪಾತ್ರೆ ತೊಳೆಯುವುದಕ್ಕೂ ಅದೇ ನೀರು. ಹಬೆಯ ಪೈಪುಗಳಿಗೆಲ್ಲ ಭಾವ ದಪ್ಪ ಬಟ್ಟೆಯಂಥದ್ದನ್ನು ಸುತ್ತಿಸಿದರು, ಹಸುಗೂಸಿಗೆ ಸುತ್ತಿದ ಹಾಗೆ. ಮೇಲೆ ಹೊಗೆ ಎಳೆಯುವ ಫ್ಯಾನು. "ಒಂದು ಚೂರು ಶಾಖ ಸೋರಬಾರದು" ಎಂಬುದು ಅವರ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತಿತ್ತೋ ದೇವರಿಗೇ ಗೊತ್ತು.

ಸುಸೂತ್ರವಾಗಿ ಏನೂ ನಡೆಯಲಿಲ್ಲ. ತಾರಸಿಗೆ ಸೋಲಾರ್ ಹತ್ತಿದ ದಿನವೇ ಕಟ್ಟಡದ ಹೆಂಗಸರು ಒಟ್ಟಾಗಿ ಬಂದರು. ಹಪ್ಪಳದ ಕಾಲ ಅದು. ಎದುರು ಮನೆಯ ಮರಾಠಿ ಕಾಕು ಸೊಂಟಕ್ಕೆ ಕೈಯಿಟ್ಟು, "ಆತಾ ಪಾಪಡ್ ಕುಠೆ ವಾಳವಾಯ್‌ಚೆ?" ಎಂದು ಕೇಳಿದರು. ಇನ್ನು ಹಪ್ಪಳ ಒಣಗಿಸುವುದೆಲ್ಲಿ ಎಂಬ ಅವರ ಪ್ರಶ್ನೆಗೆ ಭಾವ ಟೇಪು ಹಿಡಿದು ತಾರಸಿ ಅಳೆಯತೊಡಗಿದರು. ಕೊನೆಗೆ ಎರಡು ಸಾಲು ಸೋಲಾರ್ ಪಟ್ಟಿಗಳ ನಡುವೆ ಜಾಗ ಬಿಡಿಸಿ, ಎಲ್ಲರ ಹಪ್ಪಳ ಕಾಯುವ ಕೆಲಸ ನಾನು ವಹಿಸಿಕೊಂಡೆ. ಮಳೆಗಾಲ ಬಂದ ಮೇಲೆ ಸೋಲಾರಿನ ನೀರು ಉಗುರು ಬೆಚ್ಚಗೂ ಆಗಲಿಲ್ಲ. ಇವರು ದಿನಾ ನಲ್ಲಿಯ ಕೆಳಗೆ ಬೆರಳು ಹಿಡಿದು, "ಭಾವನ ಸೂರ್ಯ ಇವತ್ತು ರಜೆ" ಎನ್ನುತ್ತಿದ್ದರು. ಹಳೆಯ ಬಲ್ಬು ತೆಗೆದು ಬಿಳಿ ಬೆಳಕಿನ ಸಿಎಫ್‌ಎಲ್ ಹಾಕಿಸಿದ್ದೂ ಎಡವಟ್ಟಾಯಿತು. ಕರೆಂಟು ಉಳಿಯಿತು, ಸರಿ. ಆದರೆ ಆ ಬೆಳಕಿನಲ್ಲಿ ಕೆಂಪಗಿದ್ದ ಸಾಂಬಾರು ಜ್ವರ ಬಂದವರ ಮುಖದ ಹಾಗೆ ಕಾಣುತ್ತಿತ್ತು, ಗಿರಾಕಿಗಳು ಕದಡಿ ಕದಡಿ ನೋಡುತ್ತಿದ್ದರು. ಊಟದ ಮೇಜುಗಳ ಮೇಲೆ ಹಳೆಯ ಬಲ್ಬುಗಳೇ ವಾಪಸು ಬಂದವು, ಅಡುಗೆಮನೆಯಲ್ಲಿ ಮಾತ್ರ ಬಿಳಿ ಬೆಳಕು ಉಳಿಯಿತು.

ಭಟ್ಟಿಯನ್ನು ಒಡೆಸಲು ಇವರು ಬಿಡಲಿಲ್ಲ. "ಒಂದು ಮೂಲೆಯಲ್ಲಿ ಇರ್ಲಿ ಮಾರಾಯ್ತಿ. ಅದೇನು ಅನ್ನ ಕೇಳ್ತದಾ? ಅಪ್ಪ ಕಟ್ಟಿಸಿದ್ದು" ಎಂದರು. ಅದರ ಮೇಲೆ ತರಕಾರಿ ಬುಟ್ಟಿ ಇಡಲು ಶುರುಮಾಡಿದೆವು. ಇನ್ನೊಂದು ವಸ್ತುವೂ ಹಳೆಯ ಜಾಗ ಬಿಟ್ಟು ಕದಲಲಿಲ್ಲ. ಭಟ್ಟಿಗೆ ಅಂಟಿಕೊಂಡ ಹಾಗೆ ಹಿಂದುಗಡೆ ಒಂದು ಕಟ್ಟೆ ಇದೆ. ಸಂಜೆ ರುಬ್ಬಿದ ಇಡ್ಲಿ ಹಿಟ್ಟಿನ ದೊಡ್ಡ ಪಾತ್ರೆಗಳನ್ನು ಬೆಳಗಿನವರೆಗೆ ಇಡುವುದು ಆ ಕಟ್ಟೆಯ ಮೇಲೆ. ಮಾವನವರ ಕಾಲದಿಂದ ಅದು ಹಿಟ್ಟಿನ ಜಾಗ. ಯಾಕೆ ಅಲ್ಲೇ ಎಂದು ಅವರು ಯಾರಿಗೂ ಹೇಳಿರಲಿಲ್ಲ, ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ.

ಅಡುಗೆಮನೆ ತಣ್ಣಗಾಯಿತು. ಗೋಡೆಗೆ ಬಿಳಿ ಟೈಲ್ಸು ಬಂತು, ಮಾತು ಕೇಳಿಸತೊಡಗಿತು. ಭಟ್ಟರು ಹೆಗಲ ಮೇಲಿನ ಬೈರಾಸು ತೆಗೆದು, "ಇದು ಅಡುಗೆಮನೆಯಾ, ಬ್ಯಾಂಕಾ? ಬೆವರುವುದೇ ಇಲ್ಲ ಅಲ್ಲ ಅಕ್ಕ" ಎಂದರು. ಗಣಪತಿ ಹಬ್ಬದ ಹೊತ್ತಿಗೆ ಇವರು ಜೋರಾಗಿ ನಕ್ಕರು. ಯಾವ ಮಾತಿಗೆ ಎಂದು ನೆನಪಿಲ್ಲ, ಆದರೆ ನಗು ಕೆಮ್ಮಾಗದೆ ನಗುವಾಗಿಯೇ ಮುಗಿಯಿತು. ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು. ದೀಪಾವಳಿಗೆ ಪರೀಕ್ಷೆ ಮಾಡಿದ ಡಾಕ್ಟರು, ಹೀಗೇ ಇರಲಿ, ಇನ್ನೂ ಹೊಗೆ ಬೇಡ ಎಂದರು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಭಾವನಿಗೆ ಒಂದು ಡಬ್ಬಿ ಕಡುಬು ಮಾಡಿ ಕಳಿಸಿದೆ.

ದೀಪಾವಳಿ ಕಳೆದು ಚಳಿ ಬಿತ್ತು. ಕಲ್ಯಾಣದ ಚಳಿ ಎಂದರೆ ದೊಡ್ಡದೇನಲ್ಲ, ಬೆಳಗಿನ ಲೋಕಲ್‌ನಲ್ಲಿ ಜನ ಮಫ್ಲರ್ ಸುತ್ತಿಕೊಳ್ಳುವಷ್ಟು. ಒಂದು ಬೆಳಗ್ಗೆ ಭಟ್ಟರು ಹಿಟ್ಟಿನ ಮುಚ್ಚಳ ತೆಗೆದರೆ ಹಿಂದಿನ ಸಂಜೆ ಸುರಿದಷ್ಟೇ ಹಿಟ್ಟು, ಸುರಿದಲ್ಲೇ ಇದೆ. ಉಬ್ಬಿಲ್ಲ, ಗುಳ್ಳೆಯಿಲ್ಲ, ಹುಳಿಯ ವಾಸನೆಯಿಲ್ಲ. ಬೇಯಿಸಿದರೆ ಇಡ್ಲಿ ಚಪ್ಪಟೆ ಬಿಲ್ಲೆ. ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ ಬದಲಾಗಲಿಲ್ಲ.

ದಿನಾ ಬೆಳಗ್ಗೆ ನಮ್ಮಲ್ಲೇ ತಿಂಡಿ ತಿಂದು ಗಾಡಿ ಹತ್ತುವ ಧಾರವಾಡದ ಕಡೆಯ ರೈಲ್ವೆ ನೌಕರರೊಬ್ಬರಿದ್ದರು. ಅವರು ಚಮಚೆಯಿಂದ ಇಡ್ಲಿ ಒತ್ತಿ ನೋಡಿ, "ಯಾಕ್ರೀ ಅಣ್ಣಾರ, ನಮ್ಮ ಹಲ್ಲಿನ ಮ್ಯಾಲ ಏನರ ಸಿಟ್ಟೈತೇನ್ರಿ?" ಎಂದರು. ಮೂರನೆಯ ದಿನ ಅವರು ಬರಲಿಲ್ಲ. ಎದುರುಗಡೆಯ ವಡಾಪಾವ್ ಗಾಡಿಯ ಹತ್ತಿರ ನಿಂತು, ನಮ್ಮ ಕಡೆಗೆ ಬೆನ್ನು ಹಾಕಿ ತಿನ್ನುತ್ತಿದ್ದರು. ಗಲ್ಲಾದಲ್ಲಿ ಕೂತ ಇವರು ಆ ಬೆನ್ನನ್ನೇ ನೋಡುತ್ತಿದ್ದರು.

ಎಲ್ಲರಿಗೂ ಒಂದೊಂದು ಕಾರಣ ಹೊಳೆಯಿತು. ಭಟ್ಟರ ಪ್ರಕಾರ ಉದ್ದಿನಬೇಳೆ ಹಳೆಯದು. ಇವರು ವಾಶಿಯ ದೊಡ್ಡ ಮಾರ್ಕೆಟ್ಟಿಗೆ ಹೋಗಿ ಬೇಳೆಯ ವ್ಯಾಪಾರಿಯ ಜೊತೆ ಜಗಳವಾಡಿ ಹೊಸ ಬೇಳೆ ತಂದರು. ಅದೂ ಉಬ್ಬಲಿಲ್ಲ. ಅವಲಕ್ಕಿ ಸೇರಿಸಿ ರುಬ್ಬಿದೆವು. ನೀರು ಬದಲಿಸಿದೆವು. ಕಾಕು ದೃಷ್ಟಿ ತೆಗೆದರು. ಭಟ್ಟರು ಸೋಡಾ ಹಾಕಲೇ ಎಂದು ಕೇಳಿದ್ದಕ್ಕೆ, ಅಪ್ಪನ ಫೋಟೋದ ಕೆಳಗೆ ನಿಂತು ಸೋಡಾದ ಮಾತಾಡಬೇಡಿ ಎಂದು ಇವರು ಗದರಿದರು. ಕೊನೆಗೆ ಇವರ ಬಾಯಿಂದ ಬಂದ ಕಾರಣ ನಾನು ಹೆದರುತ್ತಿದ್ದದ್ದೇ ಆಗಿತ್ತು: ಗ್ಯಾಸಿನ ಹಬೆಗೆ ಇಡ್ಲಿ ಒಗ್ಗುವುದಿಲ್ಲ, ಭಟ್ಟಿಯ ಬೆಂಕಿಯೇ ಬೇಕು.

"ಉಬ್ಬದ ಹಿಟ್ಟಿಗೆ ಯಾವ ಬೆಂಕಿ ಕೊಟ್ರೇನು?" ಎಂದೆ.

"ನಿನಗೆ ಗೊತ್ತಾಗುದಿಲ್ಲ, ಬಿಡು" ಎಂದು ಚಪ್ಪಲಿ ಮೆಟ್ಟಿ ಇಳಿದುಹೋದರು.

ಅದಾಗಿ ಕೆಲವು ದಿನ ಕಳೆದಿರಬೇಕು. ಮಧ್ಯಾಹ್ನ ನಾನು ಒಳಗೆ ಹುಳಿಪುಡಿ ಹುರಿಯುತ್ತಿದ್ದೆ. ಮೆಟ್ಟಿಲಲ್ಲಿ ಕೆಮ್ಮು ಕೇಳಿಸಿತು. ಸೌಟು ಕೆಳಗಿಟ್ಟು, ಲೋಟಕ್ಕೆ ಬಿಸಿನೀರು ಬಗ್ಗಿಸಿ, ಬಾಗಿಲು ತೆಗೆದೆ. ಇವರು ಎರಡನೆಯ ಮಾಳಿಗೆಯ ಗೋಡೆಗೆ ಕೈಕೊಟ್ಟು ನಿಂತಿದ್ದರು. ಲೋಟ ಹಿಡಿದು ನಿಂತಾಗ ನನಗೆ ಹೊಳೆಯಿತು: ಇಷ್ಟು ತಿಂಗಳು ಇವರು ಬೆಲ್ ಒತ್ತಿ ಒಳಗೆ ಬರುತ್ತಿದ್ದರು. ಯಾವ ದಿನದಿಂದ ಎಂದು ನಾನು ಗಮನಿಸಿಯೇ ಇರಲಿಲ್ಲ. ಕೆಮ್ಮು ಹೋದದ್ದು ಗೊತ್ತಾಗಿರಲಿಲ್ಲ, ತಿರುಗಿ ಬಂದಾಗ ಗೊತ್ತಾಯಿತು.

ಇವರು ಹತ್ತಿರ ಬಂದರು. ಅಂಗಿ ಡೀಸೆಲ್ ನಾರುತ್ತಿತ್ತು.

"ಎಷ್ಟು ದಿನದಿಂದ?" ಎಂದು ಕೇಳಿದೆ.

"ಮೊನ್ನೆಯಿಂದ. ಹಿಟ್ಟು ಉಬ್ಬಿತು ಗೊತ್ತುಂಟಾ? ಮುಚ್ಚಳ ತಳ್ಳಿ ಹೊರಗೆ ಬಂದಿತ್ತು. ಧಾರವಾಡದವರು ಇವತ್ತು ಎರಡು ಪ್ಲೇಟು ತಿಂದ್ರು." ಹೇಳುವಾಗ ಇವರ ಮುಖದಲ್ಲಿ ಎಂಥ ಖುಷಿ. ಅಷ್ಟು ಹೇಳಿ ಮತ್ತೆ ಕೆಮ್ಮಿದರು.

ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು, ಸಿಟ್ಟಿನ ಜೊತೆ ಕನ್ನಡ ಬಂತು. ಮಗಳು ಕಾಲೇಜಿನಿಂದ ಬಂದವಳು ಬಾಗಿಲಲ್ಲಿ ನಿಂತು, "ಪಪ್ಪಾ, ಫಿರ್ ಸೇ?" ಎಂದಳು. ಅವಳು ತುಳು, ಕನ್ನಡ ಯಾವುದು ಕೇಳಿದರೂ ಹಿಂದಿಯಲ್ಲಿ ಉತ್ತರಿಸುವವಳು. ಮತ್ತೆಯಾ ಎಂಬ ಆ ಒಂದು ಮಾತಿಗೆ ಇವರು ತಲೆ ತಗ್ಗಿಸಿದರು, ನನ್ನ ಇಡೀ ಕನ್ನಡ ಭಾಷಣಕ್ಕೆ ತಗ್ಗಿಸಿರಲಿಲ್ಲ.

ಮರುದಿನ ಭಾನುವಾರ, ಭಾವನನ್ನು ಕರೆಸಿದೆ. ಬೆಳಗಿನ ಗದ್ದಲ ಮುಗಿದ ಮೇಲೆ ಅವರು ಅಡುಗೆಮನೆಯಲ್ಲಿ ಸುತ್ತಾಡಿದರು. ಬಾಯ್ಲರ್ ನೋಡಿದರು, ಪೈಪು ಮುಟ್ಟಿದರು, ಎಲ್ಲ ಸರಿಯಿತ್ತು. ಹಿಟ್ಟಿನ ಪಾತ್ರೆ ಎಲ್ಲಿಡುತ್ತೀರಿ ಎಂದು ಕೇಳಿದರು. ಭಟ್ಟರು ಕಟ್ಟೆ ತೋರಿಸಿದರು. ಭಾವ ಅದರ ಮೇಲೆ ಅಂಗೈ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಹಿಂದಿನ ದಿನವೇ ಭಟ್ಟಿ ಆರಿಸಿದ್ದರೂ ಇಟ್ಟಿಗೆ ಹದವಾಗಿ ಬೆಚ್ಚಗಿತ್ತು.

"ಅಯ್ಯೋ ದೇವ್ರೇ," ಎಂದರು. "ಈ ಒಲೆ ಎರಡು ಕೆಲಸ ಮಾಡ್ತಿತ್ತು ಕಣಮ್ಮ. ಹಗಲೆಲ್ಲ ಬೇಯ್ಸೋದು, ರಾತ್ರಿಯೆಲ್ಲ ಹಿಟ್ಟಿಗೆ ಕಾವು ಕೊಡೋದು. ಸೋರೋ ಶಾಖ ದಂಡ ಅಂತ ನಾನು ಪೂರ್ತಿ ನಿಲ್ಲಿಸ್ಬಿಟ್ಟೆ. ಮಳೆಗಾಲದಲ್ಲಿ ಸೆಕೆ ಇತ್ತಲ್ಲ, ಅದಕ್ಕೇ ಗೊತ್ತಾಗ್ಲಿಲ್ಲ. ಆರಿದ ಭಟ್ಟಿ ಪಕ್ಕ ಇಟ್ರೆ ಇಡೀ ಅಡುಗೆಮನೇಲಿ ತಣ್ಣನೆ ಜಾಗ ಅದೇ."

ಆಮೇಲೆ ಅವರು ಒಬ್ಬರೇ ನಗಲು ಶುರುಮಾಡಿದರು. ಜಗತ್ತಿನ ಕಾರ್ಖಾನೆಗಳ ಶಾಖ ಹುಡುಕುವ ತನಗೆ ಸ್ವಂತ ನಾದಿನಿಯ ಹಿಟ್ಟಿನ ಕೆಳಗಿನ ಶಾಖ ಕಾಣಲಿಲ್ಲವಲ್ಲ ಎಂದು. ನನಗೂ ನಗು ಬರಬೇಕಿತ್ತು, ಬರಲಿಲ್ಲ, ಯಾಕೆಂದರೆ ಇವರ ಕಣ್ಣು ಹೊಳೆಯುತ್ತಿತ್ತು.

"ಹಾಗಾದ್ರೆ ಭಟ್ಟಿ ಬೇಕು ಅಂತ ಆಯ್ತಲ್ಲ ಭಾವ. ನಾನು ಹೇಳಿದ್ದು ಅದೇ. ಸಂಜೆ ಸ್ವಲ್ಪ ಹೊತ್ತು ಉರಿಸಿ ಆರಿಸಿದ್ರೆ ಆಯ್ತು. ಅಷ್ಟಕ್ಕೆ ಎಂತ ಆಗ್ತದೆ?"

ಭಾವ ಕರೆಂಟಿನ ಹೀಟರ್ ಇಡಬಹುದೇ ಎಂದು ಯೋಚಿಸಿದರು. ಸಂಜೆ ಹೊತ್ತಿಗೇ ಕರೆಂಟು ಹೋಗುವ ಊರಿನಲ್ಲಿ ಅದು ಆಗದ ಮಾತು. ಕೊನೆಗೆ ಅವರೂ ಕೂಡ, "ಬೇರೆ ದಾರಿ ಸಿಗೋವರೆಗೂ, ಸ್ವಲ್ಪ ಹೊತ್ತು ಅಂದ್ರೆ..." ಎಂದು ರಾಗ ಎಳೆದರು.

"ಸ್ವಲ್ಪ ಹೊತ್ತೂ ಇಲ್ಲ," ಎಂದೆ. "ಭಟ್ಟಿ ಹೊತ್ತಿದ್ರೆ ನಾನು ಮಗಳನ್ನು ಕರ್ಕೊಂಡು ಅಕ್ಕನ ಮನೆಗೆ ಹೋಗ್ತೇನೆ. ನೀವೂ ನಿಮ್ಮ ಇಡ್ಲಿಯೂ ಚೆನ್ನಾಗಿರಿ."

ಇವರು ಉತ್ತರ ಕೊಡಲು ಬಾಯಿ ತೆರೆದರು. ಬಂದದ್ದು ಕೆಮ್ಮು. ಬಾಗಿ, ಕಟ್ಟೆ ಹಿಡಿದು, ಮುಖ ಕೆಂಪಗಾಗುವಷ್ಟು ಕೆಮ್ಮಿದರು. ಬೆನ್ನಿಗೆ ಶಾಖ ಕೊಡೋಣವೆಂದು ಗಲ್ಲಾದ ಕೆಳಗೆ ಇಟ್ಟಿದ್ದ ಬಿಸಿನೀರಿನ ರಬ್ಬರ್ ಬ್ಯಾಗು ತಂದೆ. ಒಲೆಯ ಮೇಲೆ ನೀರು ಕಾಯಿಸಲು ತಾಳ್ಮೆಯಿರಲಿಲ್ಲ. ಪಾತ್ರೆ ತೊಳೆಯುವ ಕಡೆಯ ಸೋಲಾರಿನ ನಲ್ಲಿಗೇ ಬ್ಯಾಗು ಹಿಡಿದೆ. ಡಿಸೆಂಬರಿನ ಮಧ್ಯಾಹ್ನ, ಆಕಾಶದಲ್ಲಿ ಒಂದು ಮೋಡವಿಲ್ಲ. ನೀರು ಎಷ್ಟು ಸುಡುತ್ತಿತ್ತೆಂದರೆ ಬ್ಯಾಗು ಕೈಯಿಂದ ಜಾರಿತು. ಕೈ ಕೊಡವಿಕೊಂಡು, ಮತ್ತೆ ಹಿಡಿದು, ಬಿರಡೆ ತಿರುಗಿಸಿ, ಇವರ ಕಡೆಗೆ ಎರಡು ಹೆಜ್ಜೆ ನಡೆದವಳು ಅಲ್ಲೇ ನಿಂತೆ.

ಬೆನ್ನಿಗೆ ಆಗುವ ಶಾಖ ಹಿಟ್ಟಿಗೆ ಯಾಕೆ ಆಗಬಾರದು?

ಅವತ್ತು ಭಟ್ಟರು ನಾನು ಹೇಳಿದೆನೆಂದು ಹಿಟ್ಟು ಬೇಗ ರುಬ್ಬಿದರು. ಒಂದು ಪಾತ್ರೆಯನ್ನು ಭಟ್ಟಿಯಿಂದ ದೂರ, ಕಿಟಕಿಯಿಲ್ಲದ ಉಗ್ರಾಣಕ್ಕೆ ತರಿಸಿದೆ. ಅದರ ಮಗ್ಗುಲಿಗೆ ಬ್ಯಾಗು ಒರಗಿಸಿ, ಮೇಲೆ ಗೋಣಿ ಹೊದಿಸುತ್ತಿದ್ದಾಗ ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅದು ನನ್ನ ಬ್ಯಾಗ್ ಅಲ್ವಾ?"

"ಹೌದು. ಇವತ್ತು ಹಿಟ್ಟಿಗೆ. ನೀವು ಕೆಮ್ಮುತ್ತಾ ಕೂತಿರಿ."

"ಹಿಟ್ಟಿಗಿಂತ ಕಡೆಯಾದೆ" ಎಂದು ಗೊಣಗಿದರು. ಭಾವ ಸಾನಪಾಡಾಕ್ಕೆ ಹೋಗುವ ಯೋಚನೆ ಬಿಟ್ಟು ನಮ್ಮಲ್ಲೇ ಉಳಿದರು. ಭಟ್ಟಿಯನ್ನು ಯಾರೂ ಹೊತ್ತಿಸಲಿಲ್ಲ. ಇವರು ಹೊತ್ತಿಸಿಯಾರು ಎಂದು ನಾನು ಅಂಗಡಿಯ ಬೀಗದ ಕೈ ನನ್ನ ಸೆರಗಿಗೆ ಕಟ್ಟಿಕೊಂಡಿದ್ದೆ.

ಬೆಳಗ್ಗೆ ಎಲ್ಲರೂ ಒಟ್ಟಿಗೆ ಇಳಿದೆವು. ಕಟ್ಟೆಯ ಮೇಲಿದ್ದ ಪಾತ್ರೆಗಳ ಹಿಟ್ಟು ಅಲ್ಲಾಡಿರಲಿಲ್ಲ. ಉಗ್ರಾಣದ ಪಾತ್ರೆಯ ಮುಚ್ಚಳ ತೆಗೆದರು ಭಟ್ಟರು. ಬ್ಯಾಗು ಒರಗಿಸಿದ್ದ ಒಂದು ಮಗ್ಗುಲು ಮಾತ್ರ ಉಬ್ಬಿ, ಗುಳ್ಳೆ ಗುಳ್ಳೆಯಾಗಿ ಅಂಚಿಗೆ ಬಂದಿತ್ತು; ಇನ್ನೊಂದು ಮಗ್ಗುಲು ಸೋಮಾರಿಯ ಹಾಗೆ ಮಲಗಿತ್ತು. ಹುಳಿಯ ವಾಸನೆ ಮೂಗಿಗೆ ಬಂದದ್ದೇ ನಾನು ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತೆ. ಬದುಕಿದೆ ಎಂದುಕೊಂಡೆ.

ಮುಂದಿನದು ಸುಲಭವಿತ್ತು. ಹಾಲು ತರುವವನ ಹತ್ತಿರ ಬಿಟ್ಟುಹಾಕಿದ ಹಳೆಯ ಅಲ್ಯೂಮಿನಿಯಂ ಕ್ಯಾನುಗಳಿದ್ದವು, ಕೇಳಿ ತಂದೆವು. ಸಂಜೆ ಅವುಗಳಿಗೆ ಸೋಲಾರಿನ ಸುಡುನೀರು ತುಂಬಿಸಿ, ಹಿಟ್ಟಿನ ಪಾತ್ರೆಗಳ ನಡುನಡುವೆ ನಿಲ್ಲಿಸಿ, ಗೋಣಿ ಹೊದಿಸಿ, ಉಗ್ರಾಣದ ಬಾಗಿಲು ಹಾಕುವುದು. ಬೆಳಗ್ಗೆ ಆ ನೀರನ್ನೇ ಪಾತ್ರೆ ನೆನೆಸಲು ಬಳಸುವುದು. ಕರೆಂಟು ಹೋದರೂ ಕ್ಯಾನಿಗೆ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಬಿಸಿನೀರು ಬರುವುದಿಲ್ಲ, ಆದರೆ ಮಳೆಗಾಲದ ಸೆಕೆಗೆ ಹಿಟ್ಟು ತಾನೇ ಉಬ್ಬುತ್ತದೆ. ಕಾವು ಬೇಕಾದ ಚಳಿಯಲ್ಲೇ ಬಿಸಿಲು ಚೆನ್ನಾಗಿರುತ್ತದೆ. ಈ ಹೊಂದಾಣಿಕೆ ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಭಾವ ಮಾತ್ರ ತಾನು ಮೊದಲೇ ಅಂದುಕೊಂಡಿದ್ದೆ ಎಂಬ ಮುಖ ಮಾಡುತ್ತಾರೆ, ಅಕ್ಕನೂ ನಾನೂ ಬಿಟ್ಟುಕೊಡುತ್ತೇವೆ.

ಧಾರವಾಡದವರು ತಿರುಗಿ ಬಂದರು. ಇಡ್ಲಿಯನ್ನು ಒತ್ತಿ ನೋಡಿ, "ಈಗ ನಮ್ಮ ಹಲ್ಲಿನ ಮ್ಯಾಲಿನ ಸಿಟ್ಟು ಇಳೀತೇನ್ರಿ?" ಎಂದರು. ಇವರು ಅವರಿಗೆ ಇನ್ನೊಂದು ಇಡ್ಲಿ ಹಾಕಿಸಿದರು.

ಇನ್ನು ಭಟ್ಟಿಗೆ ನೆಪವೂ ಉಳಿಯಲಿಲ್ಲ, ಒಡೆಸಲು ಇವರು ಒಪ್ಪಿದರು; ಒಡೆಯುವ ದಿನ ಮಾತ್ರ ಅಂಗಡಿಯಲ್ಲಿ ನಿಲ್ಲಲಿಲ್ಲ. ಗುಜರಿ ಕೊಳ್ಳುವ ಭಂಗಾರಿನವನು ಬ್ಲೋವರ್ ಎತ್ತಿಕೊಂಡು ಹೋಗುವಾಗ ಎದುರುಗಡೆ ನಿಂತು ದೂರದಿಂದ ನೋಡಿದರು. ಅಪ್ಪ ಕಟ್ಟಿಸಿದ್ದು, ಸಂಕಟವಾಗದೆ ಇರುತ್ತದೆಯೇ? ನನಗೂ ಆಯಿತು. ಆ ಬೆಂಕಿಯಿಂದಲೇ ನಾವು ಅನ್ನ ಉಂಡದ್ದು, ಮಗಳು ಓದಿದ್ದು. ಸಂಜೆ ಇವರು ಆ ಖಾಲಿ ಜಾಗದಲ್ಲಿ ನಿಂತು, "ಎಷ್ಟು ದೊಡ್ಡದುಂಟು ಅಲ್ವಾ ಈ ಅಡುಗೆಮನೆ" ಎಂದರು.

ಈಗ ಎಲ್ಲವೂ ಬದಲಾಗಿದೆ. ಲೋಡ್‌ಶೆಡ್ಡಿಂಗಿನ ಕಾಟ ಕಡಿಮೆಯಾಯಿತು. ಎಲ್‌ಇಡಿ ಬಂದ ಮೇಲೆ ಸಾಂಬಾರಿನ ಬಣ್ಣವೂ ಸರಿಯಾಗಿ ಕಾಣುತ್ತದೆ. ನವಿ ಮುಂಬೈಯ ಹೊಸ ಕಟ್ಟಡಗಳ ತಾರಸಿಯ ಮೇಲೆ ಸೋಲಾರ್ ಕಂಡರೆ ಭಾವ ಟ್ರೈನಿನ ಕಿಟಕಿಯಿಂದಲೇ ಅದರ ಕೋನ ಸರಿಯಿಲ್ಲ ಎನ್ನುತ್ತಾರೆ. ನಮ್ಮ ತಾರಸಿಯ ಪಟ್ಟಿಗಳನ್ನು ಒಮ್ಮೆ ಬದಲಾಯಿಸಿದ್ದಾಯಿತು. ಕ್ಯಾನುಗಳು ಅವೇ ಇವೆ, ಅಲ್ಲಲ್ಲಿ ನೆಗ್ಗಿಕೊಂಡು.

ಆದರೆ ನಾನು ಇದನ್ನು ಬರೆಯಲು ಕೂತದ್ದು ಬೇರೆ ಒಂದು ಮಧ್ಯಾಹ್ನಕ್ಕಾಗಿ. ಭಟ್ಟಿ ಹೋಗಿ ಸ್ವಲ್ಪ ಕಾಲವಾಗಿತ್ತು, ಶಿವರಾತ್ರಿ ಕಳೆದಿತ್ತು. ಡಾಕ್ಟರು ಹೇಳಿದ ವರ್ಷ ಮುಗಿಯುತ್ತಾ ಬಂದಿತ್ತು. ದಿನವೂ ಇವರು ಊಟಕ್ಕೆ ಬರುವ ಹೊತ್ತಿಗೆ ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕಿವಿಗೊಟ್ಟು ಕೂರುತ್ತಿದ್ದೆ. ಕೆಮ್ಮು ಒಂದು ದಿನ ಕಡ್ಡಿಯಷ್ಟು ಕಡಿಮೆ, ಇನ್ನೊಂದು ದಿನ ಹೆಚ್ಚು. ಅವತ್ತು ಏನೂ ಕೇಳಿಸಲಿಲ್ಲ. ತಡವಾಯಿತೇನೋ ಎಂದು ಗಡಿಯಾರ ನೋಡುತ್ತಿದ್ದೆ. ಬೆಲ್ ಆಯಿತು.

ನಾನು ಏಳಲಿಲ್ಲ. ಯಾರು ಎಂದು ಗೊತ್ತಿತ್ತು. ಚಪ್ಪಲಿ ನೆಲಕ್ಕೆ ತೀಡುವ ಸದ್ದು ಆ ಕಡೆಯಿಂದ ಬರುತ್ತಿತ್ತು. ಏದುಸಿರಿನ ಸದ್ದಿರಲಿಲ್ಲ. ಇನ್ನೊಮ್ಮೆ ಬೆಲ್ ಆಯಿತು, ಈ ಸಲ ಉದ್ದಕ್ಕೆ.

"ಏ, ಒಳಗೆ ಎಂತ ಮಾಡ್ತಿದ್ದೀ? ಎಷ್ಟು ಹೊತ್ತು ಮಾರಾಯ್ತಿ? ಮೊದಲಾದ್ರೆ ನಾನು ಮೆಟ್ಟಿಲು ಹತ್ತುವಾಗ್ಲೇ ಬಾಗಿಲು ತೆಗೀತಿದ್ದಿ. ಈಗ ಗಂಡ ಬಂದದ್ದೂ ಗೊತ್ತಾಗುದಿಲ್ಲ ನಿನಗೆ."

"ಬಂದೆ" ಎಂದೆ. ಹೇಳಿಯೂ ಸ್ವಲ್ಪ ಹೊತ್ತು ಕೂತೇ ಇದ್ದೆ, ಮತ್ತೊಮ್ಮೆ ಬಾರಿಸಲಿ ಎಂದು.